ಕೆಸರಿನಲ್ಲಿ ಹೂತ ಟ್ಯಾಂಕು

ಕಳೆದ ವರ್ಷ ನಮ್ಮ ಕಾಲೇಜಿನ ವಸ್ತುಪ್ರದರ್ಶನದಲ್ಲಿ ಇತಿಹಾಸ ವಿಭಾಗದ ಮೂಲೆಯ ಮೇಜಿನ ಮೇಲೆ, ಕಬ್ಬಿನ ಗದ್ದೆಯೊಂದರಲ್ಲಿ ಹೂತು ಕುಳಿತಿದ್ದ ಟ್ಯಾಂಕನ್ನು ಸಹಪಾಠಿ ಮಿತ್ರರು ಕೆಲವರಾದರೂ ನೋಡಿರಬಹುದು. ಅದನ್ನು ಮಾಡಿದವನು ನಾನು. ಅಂದು ಉಪನ್ಯಾಸಕರೊಬ್ಬರು ಕೇಳಿದ ಪ್ರಶ್ನೆಗೆ ನಾನಿತ್ತ ಉತ್ತರ ನಿಜವಾಗಿರಲಿಲ್ಲ. ಈ ಬರಹಕ್ಕೆ ಅದೇ ಕಾರಣ.

ಇಂಥ ದೃಶ್ಯಮಾದರಿಗೆ ಡಯೊರಾಮ ಎಂದು ಹೆಸರು. 1822ರಲ್ಲಿ ಪ್ಯಾರಿಸಿನಲ್ಲಿ ಡಗೇರ್ ಎಂಬಾತ ದೊಡ್ಡ ಪರದೆಗಳ ಮೇಲೆ ಚಿತ್ರ ಬರೆದು, ಬೆಳಕನ್ನು ಬದಲಿಸುತ್ತ ತೋರಿಸಿದ ಆಟಕ್ಕೆ ಮೊದಲು ಈ ಹೆಸರಿದ್ದಿತು. ಈಗ ಅದು ಮೇಜಿನ ಮೇಲಿಡುವಷ್ಟಾಗಿದೆ. ಟ್ಯಾಂಕುಗಳ ಮಾದರಿಗೆ ಹೆಚ್ಚಾಗಿ ಬಳಸುವ ಅಳತೆ ಮೂವತ್ತೈದರಲ್ಲಿ ಒಂದು ಪಾಲು. ಈ ವಿಚಿತ್ರ ಸಂಖ್ಯೆಗೆ ಶಾಸ್ತ್ರವೇನೂ ಇಲ್ಲ. ಜಪಾನಿನ ತಮಿಯ ಕಂಪೆನಿಯವರು 1961ರಲ್ಲಿ ಮಾಡಿದ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಾಗಿತ್ತು, ಅಷ್ಟೆ. ಈ ಅಳತೆಯಲ್ಲಿ ಆಳೊಬ್ಬ ಐದು ಸೆಂಟಿಮೀಟರ್. ನಮ್ಮ ಕಾರ್ಕಳದ 42 ಅಡಿಯ ಗೊಮ್ಮಟನೂ ಒಂದಡಿ ಎರಡೂವರೆ ಅಂಗುಲಕ್ಕೆ ಇಳಿಯುತ್ತಾನೆ!

ಚಿಕ್ಕಂದಿನಲ್ಲಿ ಉಡುಪಿಯ ಸಪ್ತೋತ್ಸವಕ್ಕೆ ಹೋದಾಗ ರಥಬೀದಿಯಲ್ಲಿ ಕೊಡಿಸಿದ ಹಸುರು ಪ್ಲಾಸ್ಟಿಕ್ ಸಿಪಾಯಿಗಳಿಂದ ನನಗೆ ಈ ಹುಚ್ಚು ಹತ್ತಿತು. ಬಿ.ಎ. ಎರಡನೆಯ ವರ್ಷದಲ್ಲಿ 1965ರ ಯುದ್ಧದ ಪಾಠವಾದ ಮೇಲೆ ಅಸಲ್ ಉತ್ತರ್ ಕಾಳಗವನ್ನು ಮಾಡಬೇಕೆನಿಸಿತು. ಪಂಜಾಬಿನ ಖೇಮ್‌ಕರಣದ ಹತ್ತಿರದ ಹಳ್ಳಿ ಅದು. ಆ ಸೆಪ್ಟೆಂಬರ್ 8ರಿಂದ 10ರವರೆಗೆ ಅಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ನಮ್ಮವರು ಕಬ್ಬಿನ ಗದ್ದೆಗಳ ಮರೆಯಲ್ಲಿ ಕಾದು ಹೊಡೆದರು. ಹೊಲಗಳಿಗೆ ನೀರು ಬಿಟ್ಟಿದ್ದರಿಂದ ಸುಮಾರು 45 ಟನ್ ತೂಕದ ಆ ಯಂತ್ರಗಳು ಕೆಸರಿನಲ್ಲಿ ಸಿಕ್ಕಿಕೊಂಡುವು. ಶತ್ರುವಿನ 97 ಟ್ಯಾಂಕುಗಳು ನಾಶವಾದುವು ಇಲ್ಲವೆ ಕೈವಶವಾದುವು ಎಂದು ನಮ್ಮ ಕಡೆಯ ಲೆಕ್ಕ. ಜೀಪಿನ ಮೇಲಿನ ಫಿರಂಗಿಯಿಂದ ಟ್ಯಾಂಕುಗಳನ್ನು ಒಡೆದು ಮಡಿದ ಅಬ್ದುಲ್ ಹಮೀದರಿಗೆ ಪರಮವೀರ ಚಕ್ರ ಬಂದುದು ಇದೇ ಕಾಳಗದಲ್ಲಿ. ಅವರನ್ನೇಕೆ ಮಾಡಲಿಲ್ಲ ಎಂದು ಹಲವರು ಕೇಳಿದರು. ಐದು ಸೆಂಟಿಮೀಟರಿನ ಆಳಿಗೆ ಮುಖ ಕೆತ್ತುವ ಕೈ ನನಗಿಲ್ಲ. ವೀರನನ್ನು ಗೊಂಬೆ ಮಾಡಿ ಕೆಡಿಸುವುದಕ್ಕಿಂತ ಬಿಡುವುದು ಲೇಸೆನಿಸಿತು. ಆದುದರಿಂದ ಕಾಳಗ ಮುಗಿದ ಮೇಲೆ ಬಿಟ್ಟುಹೋದ ಒಂದು ಪ್ಯಾಟನ್, ಅಷ್ಟನ್ನೇ ಆರಿಸಿದೆ.

ಅಂಗಡಿಯ ಮಾದರಿಗೆ ಸಾವಿರಗಟ್ಟಲೆ ರೂಪಾಯಿ. ನಮ್ಮ ಮನೆಯಲ್ಲಿ ಆ ಮಾತನ್ನೇ ಎತ್ತುವಂತಿರಲಿಲ್ಲ. ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸು ಮಣಿಪಾಲವನ್ನು ಹಾದು ಬರುತ್ತದೆಯಷ್ಟೆ. ಅಲ್ಲಿ ವಾಸ್ತುಶಿಲ್ಪ ಕಲಿಯುವವರು ಪರೀಕ್ಷೆ ಮುಗಿದೊಡನೆ ತಮ್ಮ ಮನೆಗಳನ್ನೂ ಮಹಡಿಗಳನ್ನೂ ಬಾಡಿಗೆ ಕೋಣೆಗಳ ಹಿಂದೆ ಎಸೆಯುತ್ತಾರೆ. ಆ ರಟ್ಟು, ಫೋಮ್ ಹಾಳೆಗಳನ್ನು ಆಯ್ದು ತಂದು ಟ್ಯಾಂಕು ಕಟ್ಟಿದೆ. ಕಬ್ಬಿನ ಜಲ್ಲೆಗೆ ತೆಂಗಿನ ಹಿಡಿಕಡ್ಡಿ. ಅಮ್ಮ ಬೀಡಿ ಕಟ್ಟುತ್ತಾಳೆ. ಎಲೆ ಕತ್ತರಿಸಿ ಉಳಿದ ಚೂರುಗಳನ್ನು ಸೀಳಿ ಬಣ್ಣ ಹಚ್ಚಿದರೆ ಕಬ್ಬಿನ ಗರಿ! ಕತ್ತರಿ ಮೊಂಡಾಯಿತೆಂದು ಅವಳಿಂದ ಬೈಗುಳವನ್ನೂ ತಿಂದೆ.

ನೆಲ ಮಾತ್ರ ನನ್ನನ್ನು ಗೋಳುಹೊಯ್ದುಕೊಂಡಿತು. ಮೊದಲು ಅಂಗಳದ ಮಣ್ಣನ್ನು ಹಾಕಿದೆ. ನಮ್ಮ ಮಣ್ಣು ಕೆಂಪು, ಪಂಜಾಬಿನದು ಬೂದು ಹಳದಿ. ಪ್ಯಾಟನ್ ದಾರಿ ತಪ್ಪಿ ಕಾರ್ಕಳಕ್ಕೆ ಬಂದಂತಾಯಿತು. ಕಾಪುವಿನಲ್ಲಿ ಅಜ್ಜಿಯ ಮನೆಯಿದೆ. ದೀಪಸ್ತಂಭದ ಕೆಳಗಿನಿಂದ ಮರಳು ತಂದೆ. ಅರ್ಧ ಮಿಲಿಮೀಟರಿನ ಮರಳ ಕಾಳು ಈ ಅಳತೆಯಲ್ಲಿ ಮುಕ್ಕಾಲು ಅಂಗುಲದ ಜಲ್ಲಿಯಾಗುತ್ತದೆಂಬುದು ಆಮೇಲೆ ಹೊಳೆಯಿತು. ಕೊನೆಗೆ ಒದಗಿದುದು ಕಾರ್ಕಳದ ಶಿಲ್ಪಿಗಳ ಕೊಟ್ಟಿಗೆಯಲ್ಲಿ ಉದುರುವ ಕಲ್ಲಿನ ಹಿಟ್ಟು. ಅದಕ್ಕೆ ಒಲೆಯ ಬೂದಿ, ಅಂಟು ಬೆರೆಸಿ ಕಲಸಿದಾಗ ಹದವಾದ ಕೆಸರಾಯಿತು. ಅದರ ಮೇಲೆ ಟ್ಯಾಂಕನ್ನಿಟ್ಟು ಎರಡು ದಿನ ಹೆಮ್ಮೆಯಿಂದ ನೋಡಿದೆ.

ಅಪ್ಪ ಕೆಂಪುಕಲ್ಲಿನ ಲಾರಿಯಲ್ಲಿ ಲೋಡರ್. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ಒಂದು ರಾತ್ರಿ ಊಟ ಮಾಡಿ ಬಂದು ಬಗ್ಗಿ ನೋಡಿ, “ಇದು ಹೂತದ್ದಲ್ಲ, ಇಟ್ಟದ್ದು” ಎಂದರು. ತುಳುವಿನಲ್ಲಿ ಹೇಳಿದರು, ಕನ್ನಡಕ್ಕೆ ತಂದರೆ ಅದರ ಖಾರ ಅರ್ಧ ಹೋಗುತ್ತದೆ.

ನನಗೆ ಸಿಟ್ಟು ಬಂತು. ಯುದ್ಧದ ವಿಷಯ ನಿಮಗೇನು ಗೊತ್ತು ಎಂದೆ. ಅವರು ಸಿಟ್ಟಾಗಲಿಲ್ಲ. ಯುದ್ಧ ಗೊತ್ತಿಲ್ಲ, ಹೂಳುವುದು ಗೊತ್ತು ಎಂದು ಕುಳಿತುಕೊಂಡರು. ಭಾರದ ಗಾಡಿ ಎಂದೂ ನೆಟ್ಟಗೆ ಇಳಿಯುವುದಿಲ್ಲ, ಮೊದಲು ಒಂದು ಮಗ್ಗುಲು ಇಳಿಯುತ್ತದೆ. ಡ್ರೈವರು ಹೆದರಿ ಇನ್ನಷ್ಟು ಒತ್ತುತ್ತಾನೆ. ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಕೆಸರು ಹಿಂದಕ್ಕೆ ಹಾರುತ್ತದೆ. ಆಮೇಲೆ ಹಿಂದಕ್ಕೆ ತೆಗೆಯಲು ನೋಡುತ್ತಾನೆ. ಹೊಟ್ಟೆ ನೆಲಕ್ಕೆ ತಾಗಿತೋ, ಮುಗಿಯಿತು. ಮೇಲಿನ ಕೆಸರು ಒಣಗಿ ಬಿಳುಚಿದರೂ ಬುಡದ್ದು ಕಪ್ಪಾಗಿಯೇ ಇರುತ್ತದೆ. ಹೀಗೆ ಹೇಳುತ್ತ ನನ್ನ ಟ್ಯಾಂಕನ್ನು ಕಿತ್ತು ಎಡಕ್ಕೆ ವಾಲಿಸಿ ಒತ್ತಿದರು. ರಟ್ಟಿನ ಡಬ್ಬಿಗೆ ಆ ಕ್ಷಣದಲ್ಲಿ ತೂಕ ಬಂತು.

“ಒಳಗಿದ್ದವರು ಏನಾದರು?” ಎಂದು ಕೇಳಿದರು.

“ಬಿಟ್ಟು ಓಡಿದರು.”

“ಹೆಜ್ಜೆ ಎಲ್ಲಿ?”

ನಾನು ನೋಡಿದ್ದ ಅಷ್ಟೂ ಚಿತ್ರಗಳಲ್ಲಿ ಎಣಿಸಿದ್ದುದು ಚಕ್ರ, ಬೋಲ್ಟುಗಳನ್ನು. ಹೆಜ್ಜೆಯ ಯೋಚನೆ ನನಗೆ ಬಂದಿರಲೇ ಇಲ್ಲ. ಅಪ್ಪ ಬೆಂಕಿಕಡ್ಡಿಯ ತುದಿಯನ್ನು ಕೆತ್ತಿ ಎಂಟು ಮಿಲಿಮೀಟರಿನ ಪಾದ ಮಾಡಿದರು. ಹಾರಿ ಇಳಿದವನ ಮೊದಲ ಹೆಜ್ಜೆ ಆಳ, ಆಮೇಲಿನವು ದೂರ ದೂರ. ನಾಲ್ವರ ಹೆಜ್ಜೆಗಳನ್ನು ಕಬ್ಬಿನೊಳಕ್ಕೆ ಒಯ್ದು ಬಿಟ್ಟರು. ಒಬ್ಬನದು ನಡುವೆ ಒಮ್ಮೆ ನಿಂತು ತಿರುಗಿದೆ. “ಏನಾದರೂ ಮರೆತಿರುತ್ತಾನೆ” ಎಂದರು. ಶತ್ರುಗಳೆಂದು ನಾನು ನೆನಪಿಸಬೇಕೆಂದಿದ್ದೆ, ನೆನಪಿಸಲಿಲ್ಲ.

ಪ್ರದರ್ಶನದ ದಿನ ಉಪನ್ಯಾಸಕರು ಬಹಳ ಹೊತ್ತು ನೋಡಿ, “ಈ ಹೆಜ್ಜೆಗಳ ಕಲ್ಪನೆ ಎಲ್ಲಿಂದ ಬಂತು?” ಎಂದು ಕೇಳಿದರು. ಸುತ್ತಲೂ ಸಹಪಾಠಿಗಳಿದ್ದರು. ತಂದೆಯ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ‘ಕಂಟ್ರಾಕ್ಟ್ ಕೆಲಸ’ ಎಂದು ಜಾರಿಕೊಳ್ಳುತ್ತಿದ್ದವನು ನಾನು. “ಒಂದು ಪುಸ್ತಕದಲ್ಲಿ ಓದಿದ್ದೆ ಸಾರ್” ಎಂದೆ. ಹೆಸರೇನೆಂದರು. ಮರೆತಿದೆ ಎಂದೆ.

ಅಂದು ರಾತ್ರಿ ಅಪ್ಪ ಕೇಳಿದ್ದು ಒಂದೇ ಮಾತು: “ಹೆಜ್ಜೆ ನೋಡಿದರೋ?” ನೋಡಿದರು ಎಂದೆ. ಅವರು ಕೈ ತೊಳೆಯಲು ಎದ್ದರು.

ಗುರುಗಳೇ, ಅಂಥ ಪುಸ್ತಕವಿಲ್ಲ. ಟ್ಯಾಂಕು ಈಗ ನಮ್ಮ ಅಟ್ಟದ ಮೇಲಿದೆ. ಈ ಮಳೆಗಾಲದಲ್ಲಿ ಕಬ್ಬಿಗೆ ಗೆದ್ದಲು ಹಿಡಿದು ಅರ್ಧ ಗದ್ದೆ ಹೋಯಿತು, ಕಲ್ಲಿನ ಹಿಟ್ಟಿನ ಹೆಜ್ಜೆಗಳು ಹಾಗೆಯೇ ಇವೆ. ಈ ಸಂಚಿಕೆ ಅಚ್ಚಾಗಿ ಬಂದಾಗ ಮನೆಯಲ್ಲಿ ಇದನ್ನು ಓದಿ ಹೇಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.