ನಮ್ಮ ಗಾಜಿನ ಮಣಿಗಳು



ಯಲಹಂಕದ ನಮ್ಮ ಮನೆಯ ಮಹಡಿಯಲ್ಲಿ ಒಂದು ಚಿಕ್ಕ ಕೊಠಡಿಯುಂಟು. ಅಲ್ಲಿ ಗಾಜಿನ ಕಡ್ಡಿಯನ್ನು ಉರಿಗೆ ಹಿಡಿದು, ಅದು ಜೇನಿನಂತೆ ಕರಗಲು, ಜೇಡಿಮಣ್ಣಿನ ಲೇಪವುಳ್ಳ ಉಕ್ಕಿನ ತಂತಿಗೆ ಸುತ್ತಿ ಮಣಿ ಮಾಡುವದು ನಮ್ಮ ವಿನೋದವು. ಮೊದಲ ವರುಷದ ಮಣಿಗಳಲ್ಲಿ ಬಹಳವು ಬೆಳಗಾಗುವಷ್ಟರಲ್ಲಿ ಬಿರುಕುಬಿಟ್ಟಿರುತ್ತಿದ್ದವು. ನಮ್ಮ ಯಜಮಾನರು ಆ ಚೂರುಗಳನ್ನು ಒಂದು ಜಾಡಿಯಲ್ಲಿ ಕೂಡಿಸಿಡುತ್ತಿದ್ದರು. ಹಾಸ್ಯಕ್ಕೆಂದೇ ನಾವು ತಿಳಿದಿದ್ದೆವು.

ವಿವಾಹವಾಗಿ 25 ವರುಷ ತುಂಬಿದಾಗ ಅವರು ನಮ್ಮನ್ನು ಇಟಲಿ ದೇಶದ ವೆನಿಸ್ ಪಟ್ಟಣಕ್ಕೆ ಕರೆದುಕೊಂಡು ಹೋದರು. ಬೆಂಕಿಯ ಭಯದಿಂದ ಅಲ್ಲಿಯ ಗಾಜಿನ ಕುಲುಮೆಗಳನ್ನು 1291ರಲ್ಲಿ ಮುರಾನೊ ದ್ವೀಪಕ್ಕೆ ಸಾಗಿಸಿದ್ದರಷ್ಟೆ. ಆ ದ್ವೀಪದ ಕಾರ್ಖಾನೆಯೊಂದರಲ್ಲಿ ಯಜಮಾನರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ವೃದ್ಧನಾದ ಕೆಲಸಗಾರನ ಮುಂದೆ ಬಿಚ್ಚಿದರು. ನಮ್ಮ ಚೂರುಗಳು! ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಆತನು ನಗಲಿಲ್ಲ, ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡಿ, ಕೈಸನ್ನೆಯಿಂದ ಮೂಲೆಯ ಒಲೆಯನ್ನು ತೋರಿಸಿದನು. ಆಗ ಕಾರಣ ಹೊಳೆಯಿತು. ಹೊರಗೆ ಬೇಗ ಆರಿ ಒಳಗೆ ಬಿಸಿಯುಳಿದರೆ ಗಾಜು ತನ್ನನ್ನು ತಾನೇ ಎಳೆದು ಬಿರಿಯುವದು. ಸುಮಾರು 500 ಡಿಗ್ರಿಯ ಒಲೆಯಲ್ಲಿಟ್ಟು ಗಂಟೆಗಟ್ಟಲೆ ಮೆಲ್ಲನೆ ಆರಿಸಬೇಕು.

ತಿರುಪತಿಯ ಬಳಿಯ ಪಾಪನಾಯುಡುಪೇಟೆಯಲ್ಲಿ ಗಾಜಿನ ಕೊಳವೆಯೆಳೆದು ಮಣಿ ಕತ್ತರಿಸುವ ಕಸಬು ತಲೆತಲಾಂತರದಿಂದ ಬಂದದ್ದೆಂದು ನಾವು ಓದಿದ್ದು ಹಿಂತಿರುಗಿದ ಮೇಲೆಯೇ. ನಮ್ಮೂರಿನಿಂದ ಅದು ಒಂದೇ ಹಗಲಿನ ದಾರಿ!

ಕಳೆದ ತಿಂಗಳು ನಮ್ಮ ಕರಿಮಣಿಯ ಸರ ಹರಿದು ಏಳು ಮಣಿಗಳು ಕಳೆದುಹೋದವು. ಈಗ ಅವುಗಳ ಸ್ಥಾನದಲ್ಲಿರುವವು ನಮ್ಮ ಕೈಯವೇ. ಒಂದಂತೂ ತುಸು ದಪ್ಪ. ಯಜಮಾನರು ಅದನ್ನೇ ಮುಂಭಾಗಕ್ಕೆ ಬರುವಂತೆ ಪೋಣಿಸಹೇಳಿದರು.