ಎರಡು ಕೊಳಗ

ಆಯನೂರಿನಲ್ಲಿ ಸಾಗರದ ಬಸ್ಸು ಹತ್ತಿದಾಗ ಗದ್ದೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಹಿಂದಿನ ರಾತ್ರಿ ಜಪಾನಿನ ಓಕಿನಾವಾದ ಇಎಜಿಮಾ ದ್ವೀಪದ ರೈತರ ಬಗ್ಗೆ ಓದುತ್ತ ಕೂತಿದ್ದೆ. 1955ರಲ್ಲಿ ಅಮೆರಿಕದ ಸೈನ್ಯ ಬುಲ್ಡೋಜರ್ ನುಗ್ಗಿಸಿ ಅವರ ಮನೆ, ಹೊಲ ಕಿತ್ತುಕೊಂಡಿತು. ಅವರು ಕಲ್ಲೆತ್ತಲಿಲ್ಲ, ಊರೂರು ತಿರುಗಿ ಭಿಕ್ಷೆ ಬೇಡುತ್ತ ತಮಗಾದ ಅನ್ಯಾಯ ಹೇಳಿದರು. ಮುಂದಾಳು ಅಹಗೊನ್ ಶೋಕೊ 1984ರಲ್ಲಿ ಪುಟ್ಟದೊಂದು ಮ್ಯೂಸಿಯಂ ತೆರೆದ. ‘ಜೀವವೇ ನಿಧಿ’ ಎಂಬರ್ಥದ ಹೆಸರು ಅದಕ್ಕೆ.

ಓದಿ ಮುಗಿಸಿದಾಗ ನೆನಪಾದದ್ದು ಸಾಗರದ ಬಳಿಯ ಕಾಗೋಡು, ಅಲ್ಲಿನ ಗೇಣಿದಾರರ ಸತ್ಯಾಗ್ರಹ. ನಮ್ಮಲ್ಲಿ ಎದುರಿಗಿದ್ದದ್ದು ಸೈನ್ಯವಲ್ಲ, ಭೂಮಾಲೀಕರು. ಆದರೆ ಉಳುವ ನೆಲದಿಂದ ಹೊರಗೆ ದೂಡಿಸಿಕೊಂಡವರ ಸಂಕಟ ಬೇರೆಯಲ್ಲ.

ಕುಂಸಿ, ಚೋರಡಿ, ಆನಂದಪುರ ದಾಟಿ ಸಾಗರಕ್ಕಿಳಿದು, ಕಾಗೋಡು ತಲುಪುವಾಗ ಬಿಸಿಲೇರಿತ್ತು. ಕಣದಲ್ಲಿ ಭತ್ತದ ರಾಶಿ. ಜಗಲಿಯಲ್ಲಿ ಕೂತಿದ್ದ ಅಜ್ಜರೊಬ್ಬರನ್ನು ಭತ್ತ ಅಳೆಯುವ ಕೊಳಗದ ಬಗ್ಗೆ ಕೇಳಿದೆ. ಮಾತಾಡದೆ ಒಳಗೆ ಹೋಗಿ ಅಟ್ಟದಿಂದ ಒಂದನ್ನು ಇಳಿಸಿ ತಂದರು.

ಎಲ್ಲ ಶುರುವಾದದ್ದು ಈ ಅಳತೆಯಿಂದಲೇ. ಗೇಣಿ ಭತ್ತ ಅಳೆಯುವಾಗ ಒಡೆಯರು ಹೊರತೆಗೆಯುತ್ತಿದ್ದುದು ಇದಕ್ಕಿಂತ ದೊಡ್ಡ ಕೊಳಗ. ಗೇಣಿದಾರರಲ್ಲಿ ಹೆಚ್ಚಿನವರು ದೀವರು, ಅವರನ್ನೆಲ್ಲ ಎಚ್. ಗಣಪತಿಯಪ್ಪ ರೈತ ಸಂಘದಲ್ಲಿ ಒಟ್ಟುಗೂಡಿಸಿದರು. ಸರಿ ಅಳತೆ ಕೇಳಿದವರನ್ನು ಒಡೆಯರು ಜಮೀನಿನಿಂದಲೇ ಬಿಡಿಸಿದರು. 1951ರ ಏಪ್ರಿಲ್ 18ರಿಂದ ಒಕ್ಕಲುಗಳು ತಂಡತಂಡವಾಗಿ ನೇಗಿಲು ಹಿಡಿದು ಅದೇ ಗದ್ದೆಗಿಳಿದರು, ಪೊಲೀಸರು ಹಿಡಿದೊಯ್ದರು, ಮರುದಿನ ಬೇರೆ ತಂಡ ಇಳಿಯಿತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ಜೂನಿನಲ್ಲಿ ಸಮಾಜವಾದಿ ಮುಂದಾಳು ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಗೇಣಿ ಪದ್ಧತಿ ಕಾನೂನಿನಿಂದ ಹೋಗಲು 1974ರವರೆಗೆ ಕಾಯಬೇಕಾಯಿತು. ಇಪ್ಪತ್ತಮೂರು ವರ್ಷ! ಗದ್ದೆಗಿಳಿದವರಲ್ಲಿ ಎಷ್ಟು ಜನ ಅದನ್ನು ಕಾಣದೆ ಹೋದರೋ ಎಂದು ಹೊಟ್ಟೆ ಸಂಕಟವಾಯಿತು.

“ಒಡೆಯರ ಕೊಳಗ ಎಲ್ಲಾದರೂ ಉಂಟಾ ಅಜ್ಜಾ?” ಎಂದೆ.

“ಅದು ನಮ್ಮನೇಲಿ ಎಲ್ಲಿಂದ ಇರ್ತದೆ ಮಾರಾಯಾ? ಇದು ನಮ್ದು.”

ಕಾಗೋಡಿನ ಕಥೆ ಹೇಳುವ ಯಾವುದೇ ಮ್ಯೂಸಿಯಂ ಕೋಣೆಯಲ್ಲೂ ಒಡೆಯರ ಕೊಳಗ, ಒಕ್ಕಲಿನ ಕೊಳಗ ಎರಡೂ ಅಕ್ಕಪಕ್ಕ ಇರಲೇಬೇಕು. ಫೋಟೊ, ಫಲಕ ಆಮೇಲೆ. ಶಾಲೆಯ ಮಗುವೊಂದು ಸಣ್ಣ ಕೊಳಗದ ಭತ್ತವನ್ನು ದೊಡ್ಡದಕ್ಕೆ ಸುರಿದು, ತುಂಬದೆ ಉಳಿದ ಜಾಗಕ್ಕೆ ಕೈಹಾಕಿ ನೋಡಬೇಕು.

ಅಜ್ಜ ಕೊಳಗದ ತಳ ತಟ್ಟಿ ಧೂಳು ಕೊಡವಿದರು. ಕಣದಿಂದ ಸೊಸೆ ಕೂಗಿದಾಗ ಅದನ್ನೇ ಹಿಡಿದುಕೊಂಡು ರಾಶಿಯ ಕಡೆ ನಡೆದರು.