ಹನ್ನೊಂದು ತಿಂಗಳ ಮನೆ

ಮುಂಬಯಿಯ ಮಾಟುಂಗದಲ್ಲಿ ನಮ್ಮದು ಒಂದೇ ಮಲಗುವ ಕೋಣೆಯ ಬಾಡಿಗೆ ಮನೆ. ಪಡಸಾಲೆಯಲ್ಲಿ ತಾಯಿಯವರ ಹಾಸಿಗೆ. 1896ರ ಪ್ಲೇಗಿನ ತರುವಾಯ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ಜನಕ್ಕೆ ಗಾಳಿಬೆಳಕು ಸಿಗಲೆಂದು ಹಾಸಿದ ಬಡಾವಣೆಯಿದು. ಈಗ ದೋಸೆ-ಕಾಫಿಗೆಂದು ನಗರವೆಲ್ಲ ಇಲ್ಲಿಗೆ ಬರುತ್ತದೆ. ಆ ಗಾಳಿಬೆಳಕಿಗೆ ನಮ್ಮ ಗುಮಾಸ್ತಗಿರಿಯ ಅರ್ಧ ಸಂಬಳ ಸಲ್ಲುತ್ತದೆ.

ಕರಾರು 11 ತಿಂಗಳದು. ‘ಲೀವ್ ಅಂಡ್ ಲೈಸೆನ್ಸ್’ ಎಂದರೆ ಕಾನೂನಿನ ಕಣ್ಣಿಗೆ ನಾವು ಬಾಡಿಗೆದಾರರೂ ಅಲ್ಲ, ಇರಲು ಅನುಮತಿ ಪಡೆದವರಷ್ಟೆ; ಅವಧಿ ಮುಗಿದರೆ ಗಂಟುಮೂಟೆ ಕಟ್ಟಬೇಕು.

ಡೊಂಬಿವಲಿಗೆ ಹೋದರೆ ಇದೇ ಹಣಕ್ಕೆ ಎರಡು ಕೋಣೆ ದೊರೆತಾವು. ಆದರೆ ಮರಾಠಿ ಬಾರದ ತಾಯಿಯವರು ಇಲ್ಲಿ ಒಬ್ಬರೇ ದೇವಸ್ಥಾನಕ್ಕೆ ಹೋಗಿ, ಬಾಳೆಲೆ ಕೊಂಡು, ನಾಲ್ಕು ಕನ್ನಡ ಮಾತಾಡಿ ಬರುತ್ತಾರೆ. ಬರುವ ತಿಂಗಳು ಬಾಡಿಗೆ ಏರಿಸುವರಂತೆ. ಏರಲಿ, ಮತ್ತೊಮ್ಮೆ ರುಜು ಹಾಕುವುದೆಂದು ನಿಶ್ಚಯಿಸಿದ್ದೇವೆ. ಎರಡನೆಯ ಕೋಣೆ ಮುಂದೆ ನೋಡಿದರಾಯಿತು.